ದಪ್ಪ ಪದರಗಳ ಮೇಲೆ ಯಂತ್ರದ ಅಲಂಕಾರ ಹೊಲಿಗೆ: ಒಂದು ತೊಡಕಿನ ಚರಿತ್ರೆ

ಹೊಲಿಗೆ ಯಂತ್ರದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಅದರ ವಿಜಯಗಳನ್ನೇ ಬರೆದಿದ್ದಾರೆ. ಪೇಟೆಂಟುಗಳ ವ್ಯಾಜ್ಯ, ಕಾರ್ಖಾನೆಗಳ ಬೆಳವಣಿಗೆ, ಸಿದ್ಧ ಉಡುಪಿನ ಉದ್ಯಮದ ಉದಯ ಇವೆಲ್ಲ ವಿಸ್ತಾರವಾಗಿ ದೊರೆಯುತ್ತವೆ. ಯಂತ್ರವು ಎಲ್ಲಿ ತಡವರಿಸಿತು, ಏಕೆ ತಡವರಿಸಿತು ಎಂಬ ಪ್ರಶ್ನೆಯನ್ನು ಎತ್ತಿಕೊಂಡವರು ವಿರಳ. ಪ್ರಸ್ತುತ ಲೇಖನದ ವಸ್ತು ಅಂಥ ಒಂದು ತಡವರಿಕೆ. ಎರಡು ಬಟ್ಟೆಗಳ ನಡುವೆ ಅರಳೆಯನ್ನು ಹರಡಿ, ಮೂರು ಪದರಗಳನ್ನೂ ಒಟ್ಟಿಗೆ ಹೊಲಿದು ಮಾಡುವ ಹೊದಿಕೆಗೆ ಪಶ್ಚಿಮದಲ್ಲಿ ಕ್ವಿಲ್ಟ್ ಎಂದು ಹೆಸರು. ಇಂಥ ಹೊದಿಕೆಯ ಮೇಲೆ, ಮನೆಯ ಯಂತ್ರದಲ್ಲಿ ಅಡಕವಾಗಿರುವ ಎಲೆ, ಗರಿ, ನಕ್ಷತ್ರ, ಬಳ್ಳಿ ಮುಂತಾದ ಅಲಂಕಾರ ಹೊಲಿಗೆಗಳನ್ನು ಹಾಕಹೊರಟವರು ಕೆಲವು ನಿಶ್ಚಿತ ತೊಂದರೆಗಳನ್ನು ಎದುರಿಸುತ್ತಾರೆ. ನಡುನಡುವೆ ಹೊಲಿಗೆ ತಪ್ಪುತ್ತದೆ. ಕೆಳಗಿನ ನೂಲು ಮೇಲ್ಮುಖದಲ್ಲಿ ಇಣುಕುತ್ತದೆ. ಮೇಲಿನ ಬಟ್ಟೆ ಮುಂದಕ್ಕೆ ಸರಿದು ಸುಕ್ಕಾಗುತ್ತದೆ. ನಕ್ಷತ್ರದ ಕೊನೆಯ ರೇಖೆ ಮೊದಲಿನ ರೇಖೆಯನ್ನು ಕೂಡುವುದಿಲ್ಲ. ಕೆಲವೊಮ್ಮೆ ಸೂಜಿಯೇ ಮುರಿಯುತ್ತದೆ. ಕೈಪಿಡಿಗಳಲ್ಲಿ ಇವಕ್ಕೆಲ್ಲ ಪರಿಹಾರಗಳ ಪಟ್ಟಿಯಿರುತ್ತದೆ. ಆದರೆ ಆ ಪಟ್ಟಿಗಳ ಧಾಟಿಯನ್ನು ನೋಡಿದರೆ ತಪ್ಪೆಲ್ಲವೂ ಹೊಲಿಯುವವಳದೇ ಎಂಬ ಭಾವನೆ ಬರುತ್ತದೆ. ಸೂಜಿಯನ್ನು ಸರಿಯಾಗಿ ಸಿಕ್ಕಿಸಿಲ್ಲ, ನೂಲನ್ನು ಸರಿಯಾಗಿ ಪೋಣಿಸಿಲ್ಲ, ಬಟ್ಟೆಯನ್ನು ಎಳೆದಿದ್ದಾಳೆ ಎಂಬಿತ್ಯಾದಿ. ಈ ದೋಷಗಳಲ್ಲಿ ಹೆಚ್ಚಿನವು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯಂತ್ರದ ಮೈಯಲ್ಲಿ ನೆಲೆಗೊಂಡವು ಎಂಬುದು ನಮ್ಮ ಅಭಿಪ್ರಾಯ. ಅದಕ್ಕೆ ಆಧಾರಗಳನ್ನು ಮುಂದೆ ಪರಿಶೀಲಿಸಬಹುದು.

ಯಂತ್ರದ ಬಾಲ್ಯದಲ್ಲಿ ಅಲಂಕಾರವೂ ಇದ್ದಿತು, ದಪ್ಪವೂ ಇದ್ದಿತು. ಎರಡೂ ಒಂದೆಡೆ ಇರಲಿಲ್ಲ ಎಂಬ ಸಂಗತಿಯನ್ನು ಮೊದಲು ಗಮನಿಸಬೇಕು. 1755ರಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಚಾರ್ಲ್ಸ್ ಫ್ರೆಡರಿಕ್ ವೈಸೆಂಥಾಲ್ ಎಂಬಾತನು ಎರಡು ಕಡೆಯೂ ಮೊನೆಯುಳ್ಳ ಸೂಜಿಯೊಂದಕ್ಕೆ ಪೇಟೆಂಟು ಪಡೆದನು. ಅವನ ಉದ್ದೇಶ ಬಟ್ಟೆ ಕೂಡಿಸುವುದಾಗಿರಲಿಲ್ಲ, ಕಸೂತಿಯಾಗಿದ್ದಿತು. 1790ರಲ್ಲಿ ಥಾಮಸ್ ಸೇಂಟ್ ಎಂಬ ಆಂಗ್ಲನು ಪೇಟೆಂಟು ಪಡೆದ ಯಂತ್ರವಾದರೋ ತೊಗಲಿನಂಥ ದಪ್ಪ ವಸ್ತುಗಳಿಗೆ ಮೀಸಲು. ಅದರಲ್ಲಿ ಒಂದು ಚುಚ್ಚುಗೋಲು ಮೊದಲು ರಂಧ್ರ ಕೊರೆಯುತ್ತಿತ್ತು. ಬಳಿಕ ತುದಿಯಲ್ಲಿ ಕಚ್ಚುಳ್ಳ ಸೂಜಿ ನೂಲನ್ನು ಆ ರಂಧ್ರದೊಳಕ್ಕೆ ತಳ್ಳುತ್ತಿತ್ತು. ದಪ್ಪವನ್ನು ಭೇದಿಸುವ ಕೆಲಸವೇ ಬೇರೆ, ನೂಲನ್ನು ಸಾಗಿಸುವ ಕೆಲಸವೇ ಬೇರೆ ಎಂಬ ವಿವೇಕ ಇಲ್ಲಿದೆ. ನಮ್ಮ ಮೋಚಿಯ ಕೈಯಲ್ಲಿಯೂ ಈ ವಿವೇಕವನ್ನು ಕಾಣುತ್ತೇವೆ. ಸೇಂಟನ ಪೇಟೆಂಟು ಸುಮಾರು ಎಂಬತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಕಡತದಲ್ಲಿ ಉಳಿದಿದ್ದು, 1870ರ ದಶಕದಲ್ಲಿ ನ್ಯೂಟನ್ ವಿಲ್ಸನ್ ಅದನ್ನು ಪತ್ತೆಮಾಡಿ ಒಂದು ಪ್ರತಿಕೃತಿಯನ್ನು ನಿರ್ಮಿಸಿದನು. ಅದು ಕೆಲಸ ಮಾಡಬೇಕಾದರೆ ಮೂಲದಲ್ಲಿ ಕೆಲವು ಮಾರ್ಪಾಡುಗಳನ್ನು ಮಾಡಬೇಕಾಯಿತು ಎಂಬುದೂ ಉಲ್ಲೇಖಾರ್ಹ. ಫ್ರಾನ್ಸಿನ ದರ್ಜಿ ಬಾರ್ತೆಲೆಮಿ ತಿಮೊನ್ನಿಯೆ 1830ರಲ್ಲಿ ಪೇಟೆಂಟು ಪಡೆದ ಯಂತ್ರದಲ್ಲಿ ಕಸೂತಿಗಾರರ ಕೊಕ್ಕೆಸೂಜಿಯ ಅನುಕರಣೆಯಿದ್ದಿತು; ಅದು ಹಾಕುತ್ತಿದ್ದುದು ಸರಪಳಿ ಹೊಲಿಗೆ. ಪ್ಯಾರಿಸಿನಲ್ಲಿ ಸೈನಿಕರ ಸಮವಸ್ತ್ರಗಳಿಗಾಗಿ ಅವನು ಸ್ಥಾಪಿಸಿದ್ದ ಕಾರ್ಯಾಗಾರವನ್ನು 1831ರಲ್ಲಿ ದರ್ಜಿಗಳ ಗುಂಪು ನುಗ್ಗಿ ಧ್ವಂಸಮಾಡಿದ ಕಥೆ ಪ್ರಸಿದ್ಧವಾದುದು.

ಅಮೆರಿಕದಲ್ಲಿ ಯಂತ್ರವು ಹಿಡಿದ ದಾರಿ ಬೇರೆ. 1846ರಲ್ಲಿ ಎಲಿಯಾಸ್ ಹೋವ್ ಪೇಟೆಂಟು ಪಡೆದ ಯಂತ್ರದಲ್ಲಿ ಮೊನೆಯ ಬಳಿ ಕಣ್ಣುಳ್ಳ ಬಾಗಿದ ಸೂಜಿ, ನೇಕಾರರ ಲಾಳಿಯಂತೆ ಓಡಾಡುವ ಇನ್ನೊಂದು ನೂಲಿನ ಲಾಳಿ ಇವೆರಡೂ ಕೂಡಿಬಂದವು. ಮೇಲಿನ ನೂಲಿನ ಕುಣಿಕೆಯೊಳಗೆ ಕೆಳಗಿನ ನೂಲು ಹಾದು, ಎರಡೂ ಬಟ್ಟೆಯ ನಡುವೆ ಒಂದನ್ನೊಂದು ಹಿಡಿದುಕೊಳ್ಳುವ ಈ ಹೊಲಿಗೆಯನ್ನು ಇಲ್ಲಿ ಜೋಡಿನೂಲಿನ ಹೊಲಿಗೆ ಎಂದು ಕರೆಯೋಣ. ಆದರೆ ನಮ್ಮ ವಿಷಯಕ್ಕೆ ಹೋವನ ಯಂತ್ರದ ಇನ್ನೊಂದು ಭಾಗ ಹೆಚ್ಚು ಮುಖ್ಯ. ಅದರಲ್ಲಿ ಬಟ್ಟೆಯು ಮೇಜಿನ ಮೇಲೆ ಮಲಗಿರುತ್ತಿರಲಿಲ್ಲ. ಅಂಚಿನಲ್ಲಿ ಮುಳ್ಳುಗಳಿದ್ದ ಒಂದು ಲೋಹದ ಪಟ್ಟಿಗೆ ಸಿಕ್ಕಿಕೊಂಡು ನಿಂತಿರುತ್ತಿತ್ತು. ಪಟ್ಟಿ ಮುಂದೆ ಸರಿದಂತೆ ಬಟ್ಟೆಯೂ ಸರಿಯುತ್ತಿತ್ತು. ಪಟ್ಟಿಯ ಉದ್ದ ಮುಗಿದೊಡನೆ ಯಂತ್ರವನ್ನು ನಿಲ್ಲಿಸಿ ಬಟ್ಟೆಯನ್ನು ಮತ್ತೆ ಸಿಕ್ಕಿಸಬೇಕು; ಬಾಗಿದ ಹೊಲಿಗೆ ಸಾಧ್ಯವೇ ಇಲ್ಲ. ಇದನ್ನು ಚರಿತ್ರಕಾರರು ಹೋವನ ಯಂತ್ರದ ದೊಡ್ಡ ಕೊರತೆಯೆಂದು ಎಣಿಸಿದ್ದಾರೆ, ಅದು ಸರಿಯೂ ಹೌದು. ಆದರೂ ಮುಳ್ಳುಗಳು ಎಲ್ಲ ಪದರಗಳನ್ನೂ ಚುಚ್ಚಿ ಹಿಡಿದಿದ್ದುದರಿಂದ ಒಂದು ಪದರ ಇನ್ನೊಂದರ ಮೇಲೆ ಜಾರುವ ಸಂಭವವೇ ಅಲ್ಲಿರಲಿಲ್ಲ ಎಂಬುದನ್ನು ಯಾರೂ ಅಷ್ಟಾಗಿ ಗಣಿಸಿದಂತೆ ತೋರುವುದಿಲ್ಲ.

ಆ ಕೊರತೆಯನ್ನು ನಿವಾರಿಸಿದವನು ಆಲನ್ ವಿಲ್ಸನ್. 1854ರ ಅವನ ಪೇಟೆಂಟಿನಲ್ಲಿ ವಿವರಿಸಿದ ಚಲನೆ ಇಂದಿಗೂ ಪ್ರತಿಯೊಂದು ಮನೆಯ ಯಂತ್ರದಲ್ಲಿಯೂ ಇದೆ. ಸೂಜಿಯ ಕೆಳಗಣ ತಟ್ಟೆಯ ಸೀಳುಗಳಿಂದ ಹಲ್ಲುಗಳ ಸಾಲೊಂದು ಮೇಲೆದ್ದು, ಬಟ್ಟೆಯನ್ನು ಹಿಂದಕ್ಕೊಯ್ದು, ಕೆಳಗಿಳಿದು, ಬರಿಗೈಯಲ್ಲಿ ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. ನಾಲ್ಕು ಹೆಜ್ಜೆಗಳ ಈ ಚಲನೆಯಿಂದ ಎಷ್ಟುದ್ದದ ಹೊಲಿಗೆಯನ್ನಾದರೂ, ಯಾವ ದಿಕ್ಕಿಗಾದರೂ ತಿರುಗಿಸಿ ಹಾಕಬಹುದಾಯಿತು. ಹಲ್ಲು ಕಚ್ಚುವುದು ಕೆಳಗಿನ ಬಟ್ಟೆಯನ್ನು ಮಾತ್ರ. ಮೇಲಿನ ಬಟ್ಟೆ ಕೆಳಗಿನದರ ಉಜ್ಜಿನಿಂದ ಎಳೆಯಲ್ಪಟ್ಟು ಸಾಗಬೇಕು. ಅದನ್ನು ಮೇಲಿನಿಂದ ಒತ್ತಿರುವ ಪಾದವು ಅದೇ ಹೊತ್ತಿಗೆ ತಡೆಯುತ್ತಲೂ ಇರುತ್ತದೆ. ಎರಡು ತೆಳುವಾದ ನೂಲಿನ ಬಟ್ಟೆಗಳಾದರೆ ಅವುಗಳ ನಡುವಣ ಉಜ್ಜು ಸಾಕಷ್ಟಿರುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ನಡುವೆ ಅರ್ಧ ಅಂಗುಲ ಅರಳೆಯಿದ್ದರೆ? ಕೆಳಗಿನ ಬಟ್ಟೆ ಸಾಗಿದಷ್ಟು ಮೇಲಿನದು ಸಾಗುವುದಿಲ್ಲ. ಪಾದದ ಮುಂದೆ ಅದು ಅಲೆಯಂತೆ ಗುಡ್ಡೆಗಟ್ಟುತ್ತದೆ. ಕ್ವಿಲ್ಟ್ ಹೊಲಿಯುವವರನ್ನು ಇಂದಿಗೂ ಕಾಡುವ ಮೊದಲ ದೋಷದ ಜನ್ಮಸ್ಥಾನ ಇದು.

ಒತ್ತುಪಾದದ ಕೀರ್ತಿಯಲ್ಲಿ ಹೆಚ್ಚಿನ ಪಾಲು ಐಸಾಕ್ ಸಿಂಗರನದು. 1851ರಲ್ಲಿ ಪೇಟೆಂಟು ಪಡೆದ ಅವನ ಯಂತ್ರದಲ್ಲಿ ನೆಟ್ಟಗೆ ಮೇಲೆ ಕೆಳಗೆ ಆಡುವ ಸೂಜಿ, ಅಡ್ಡ ಮೇಜು, ಬಟ್ಟೆಯ ದಪ್ಪಕ್ಕೆ ತಕ್ಕಂತೆ ಏರಿಳಿಯಬಲ್ಲ ಒತ್ತುಪಾದ ಇವೆಲ್ಲ ಸೇರಿದ್ದವು. ಬಾಸ್ಟನ್ನಿನಲ್ಲಿ ಆ ಯಂತ್ರವನ್ನು ಮೊದಲು ಪರೀಕ್ಷಿಸಿದ ರಾತ್ರಿಯ ವೃತ್ತಾಂತವನ್ನು ಸಿಂಗರನೇ ಹೇಳಿದ್ದಾನೆ. ಎಷ್ಟು ಪ್ರಯತ್ನಿಸಿದರೂ ಹೊಲಿಗೆ ಬಿಗಿಯಾಗಲಿಲ್ಲ. ಬೇಸತ್ತು ಯಂತ್ರವನ್ನು ಬಿಟ್ಟು ಹೋಟೆಲಿಗೆ ಹೊರಟು, ದಾರಿಯಲ್ಲಿ ಹಲಗೆಗಳ ರಾಶಿಯೊಂದರ ಮೇಲೆ ಕುಳಿತಿದ್ದಾಗ, ಸಡಿಲವಾದ ಕುಣಿಕೆಗಳೆಲ್ಲ ಬಟ್ಟೆಯ ಮೇಲ್ಗಡೆಗೇ ಇದ್ದುದನ್ನು ಜೊತೆಗಾರ ಜೀಬರ್ ನೆನಪಿಸಿದನಂತೆ. ಸೂಜಿಯ ನೂಲಿಗೆ ಬಿಗಿ ಕೊಡಲು ಮರೆತಿದ್ದೇವೆಂದು ಸಿಂಗರನಿಗೆ ಥಟ್ಟನೆ ಹೊಳೆಯಿತು. ಹಿಂದಿರುಗಿ ಹೋಗಿ ಸರಿಪಡಿಸಿದಾಗ ಐದು ಹೊಲಿಗೆಗಳು ಸರಿಯಾಗಿ ಬಿದ್ದು, ಆಮೇಲೆ ನೂಲು ಹರಿಯಿತು. ಅವನಿಗೆ ಅಷ್ಟೇ ಸಾಕಾಯಿತು. ಆತನು ಸ್ವಪ್ರಶಂಸೆಯಲ್ಲಿ ಹಿಂದೆಬಿದ್ದವನಲ್ಲವಾದ್ದರಿಂದ ಈ ಕಥೆಯ ಅಲಂಕಾರಗಳನ್ನು ಅವನ ಲೆಕ್ಕಕ್ಕೇ ಬಿಡಬಹುದು. ಆದರೆ ಅದರೊಳಗಿನ ತರ್ಕ ದೃಢವಾದುದು: ಸಡಿಲು ಯಾವ ಮುಖದಲ್ಲಿ ಕಾಣುತ್ತದೆಯೆಂಬುದನ್ನು ನೋಡಿ ದೋಷ ಯಾವ ನೂಲಿನದೆಂದು ನಿರ್ಣಯಿಸುವ ರೀತಿ ಇಂದಿನ ದುರಸ್ತಿಗಾರನದೂ ಹೌದು. 1924ರಲ್ಲಿ ದೆಹಲಿಯಲ್ಲಿ ನಡೆದ ಸಂಭಾಷಣೆಯೊಂದರಲ್ಲಿ ಯಂತ್ರಗಳ ವಿಷಯ ಬಂದಾಗ ಗಾಂಧೀಜಿಯವರು ಸಿಂಗರನ ಯಂತ್ರವನ್ನು ತಮ್ಮ ಆಕ್ಷೇಪಣೆಗೆ ಅಪವಾದವೆಂದು ಒಪ್ಪಿಕೊಂಡರು. ಮಡದಿಯ ದಣಿವನ್ನು ಕಂಡು ಮರುಗಿ ಅವನು ಅದನ್ನು ರಚಿಸಿದನೆಂಬ ಕಥೆಯನ್ನು ಅವರು ಕೇಳಿದ್ದರು. ಸಿಂಗರನ ಸಂಸಾರಗಳ ಚರಿತ್ರೆಯನ್ನು ಬಲ್ಲವರಿಗೆ ಆ ಕಥೆಯನ್ನು ನಂಬುವುದು ಕಷ್ಟ.

ಹೀಗೆ 1846ರಿಂದ 1854ರವರೆಗಿನ ಎಂಟು ವರ್ಷಗಳಲ್ಲಿ ಮನೆಯ ಹೊಲಿಗೆ ಯಂತ್ರದ ಅಂಗರಚನೆ ಸ್ಥಿರಪಟ್ಟಿತು. ಅದು ಯಾವ ಕೆಲಸಕ್ಕಾಗಿ ಸ್ಥಿರಪಟ್ಟಿತೆಂದರೆ, ಅಂಗಿಯ ಎರಡು ತುಂಡುಗಳನ್ನು ಅಂಚಿನಲ್ಲಿ ಕೂಡಿಸುವ ನೇರವಾದ ಹೊಲಿಗೆಗಾಗಿ. ದಪ್ಪವೂ ಅಲಂಕಾರವೂ ಆಗ ಲೆಕ್ಕಕ್ಕೆ ಬಂದಿರಲಿಲ್ಲ.

ಇನ್ನು ಹೊದಿಕೆಗಳ ಕಡೆಗೆ ತಿರುಗೋಣ. ಕೈಹೊಲಿಗೆಯ ಪರಂಪರೆಯಲ್ಲಿ ದಪ್ಪ ಮತ್ತು ಅಲಂಕಾರ ಒಂದರೊಡನೊಂದು ಹೇಗೆ ನಡೆದುಕೊಂಡವು ಎಂಬುದು ಇಲ್ಲಿ ವಿಚಾರಣೀಯ. ಯೂರೋಪಿನಲ್ಲಿ ಉಳಿದುಬಂದಿರುವ ಅತಿ ಪ್ರಾಚೀನ ಕ್ವಿಲ್ಟುಗಳಲ್ಲಿ ಒಂದು, ಸಿಸಿಲಿಯಲ್ಲಿ ಸುಮಾರು 1360ರಿಂದ 1400ರೊಳಗೆ ತಯಾರಾದದ್ದು. ಟ್ರಿಸ್ಟನ್ನನ ಕಥೆಯ ದೃಶ್ಯಗಳುಳ್ಳ ಅದರ ಭಾಗಗಳು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿಯೂ ಫ್ಲಾರೆನ್ಸಿನ ಬಾರ್ಜೆಲ್ಲೊದಲ್ಲಿಯೂ ಇವೆ. ಲಿನನ್ ಬಟ್ಟೆ, ಒಳಗೆ ಹತ್ತಿ. ಹಡಗು, ಕೋಟೆ, ಯೋಧರು ಎಲ್ಲವೂ ಅದರಲ್ಲಿ ಉಬ್ಬುಚಿತ್ರದಂತೆ ಎದ್ದು ಕಾಣುತ್ತವೆ. ಆದರೆ ಹಾಕಿರುವ ಹೊಲಿಗೆ ತೀರ ಸಾಧಾರಣವಾದುದು. ಉಬ್ಬು ಬಂದಿರುವುದು ಒಳಗಿನ ಹತ್ತಿಯಿಂದ. ಇದಕ್ಕೆ ವಿರುದ್ಧವಾದ ನಿದರ್ಶನವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಎರಡು ದಶಕಗಳ ಅಮೆರಿಕದಲ್ಲಿ ಕಾಣುತ್ತೇವೆ. ರೇಷ್ಮೆ ಮತ್ತು ಮಖಮಲ್ಲಿನ ಅಡ್ಡಾದಿಡ್ಡಿ ತುಂಡುಗಳನ್ನು ಜೋಡಿಸಿ, ಪ್ರತಿಯೊಂದು ಸಂಧಿಯ ಮೇಲೂ ಗರಿಹೊಲಿಗೆ ಮುಂತಾದ ನಾನಾ ವಿನ್ಯಾಸಗಳನ್ನು ಕೈಯಿಂದ ಹಾಕಿದ ಹೊದಿಕೆಗಳು ಆಗ ಬಹಳ ರೂಢಿಯಲ್ಲಿದ್ದವು. ಇವನ್ನೂ ಕ್ವಿಲ್ಟ್ ಎಂದೇ ಕರೆದರೂ ಸಾಮಾನ್ಯವಾಗಿ ಇವುಗಳೊಳಗೆ ಅರಳೆಯಿರುತ್ತಿರಲಿಲ್ಲ. ತುಂಡುಗಳ ಕೆಳಗೆ ಆಧಾರವಾಗಿ ಒಂದು ಬಟ್ಟೆ ಮಾತ್ರ. ಅಂದರೆ ಅಲಂಕಾರವಿದ್ದಲ್ಲಿ ದಪ್ಪವಿಲ್ಲ, ದಪ್ಪವಿದ್ದಲ್ಲಿ ಹೊಲಿಗೆ ಸರಳ.

ಈ ವಿವೇಕ ಪಶ್ಚಿಮಕ್ಕೆ ಮಾತ್ರ ಸೀಮಿತವಲ್ಲ. ನಮ್ಮ ಉತ್ತರ ಕರ್ನಾಟಕದ ಹೆಂಗಸರು ಎರಡು ಕೆಲಸಗಳಲ್ಲಿ ನಿಪುಣರು: ಒಂದು ಕಸೂತಿ, ಇನ್ನೊಂದು ಕೌದಿ. ಕಸೂತಿಯಲ್ಲಿ ಬಟ್ಟೆಯ ಎಳೆಗಳನ್ನು ಎಣಿಸಿ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ತೆಗೆಯುತ್ತಾರೆ. ಗವಂತಿ ಮತ್ತು ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಎರಡು ಮುಖಗಳೂ ಒಂದೇ ರೀತಿ ಕಾಣಬೇಕು. ಅದು ನಡೆಯುವುದು ಸೀರೆ ಕುಪ್ಪಸಗಳ ಒಂಟಿಪದರದ ಮೇಲೆ. ಕೌದಿಯಲ್ಲಿಯಾದರೋ ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತೇಪೆಗಳನ್ನಿಟ್ಟು, ಉದ್ದಕ್ಕೂ ಸಾಲುಸಾಲಾಗಿ ಸಾದಾ ಹೊಲಿಗೆಯನ್ನು ಓಡಿಸುತ್ತಾರೆ. ಕೌದಿಯ ಚೆಲುವು ತೇಪೆಗಳ ಬಣ್ಣದಲ್ಲಿಯೂ ಹೊಲಿಗೆಯ ಸಾಲುಗಳ ಲಯದಲ್ಲಿಯೂ ಇದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸುತ್ತಿನ ಸಿದ್ದಿ ಹೆಂಗಸರ ಕೌದಿಗಳಲ್ಲಿ ನಾಲ್ಕು ಮೂಲೆಗಳಿಗೂ ಮಡಿಚಿದ ತ್ರಿಕೋಣದ ತುಂಡುಗಳನ್ನಿಟ್ಟು ಅವನ್ನು ಹೂವೆಂದು ಕರೆಯುತ್ತಾರೆ. ಹೂವನ್ನು ಸಹ ನೂಲಿನಿಂದ ಬಿಡಿಸದೆ ಬಟ್ಟೆಯಿಂದಲೇ ಮಾಡಿರುವುದನ್ನು ಗಮನಿಸಬೇಕು. ಗವಂತಿಯನ್ನು ಬಲ್ಲ ಕೈ ಕೌದಿಯ ಮೇಲೆ ಗವಂತಿಯನ್ನು ಹಾಕಲು ಹೋಗಲಿಲ್ಲ. ಅದಕ್ಕೆ ಕಾರಣ ಸಾಮರ್ಥ್ಯದ ಅಭಾವವಾಗಿರಲಾರದು.

ದಪ್ಪದ ಮೇಲೆಯೇ ಅಲಂಕಾರವನ್ನು ಒಂದೇ ಸಲಕ್ಕೆ ಹಾಕಬೇಕೆಂಬ ಅಪೇಕ್ಷೆ ಇಪ್ಪತ್ತನೆಯ ಶತಮಾನದ್ದು. ಅದನ್ನು ಹುಟ್ಟಿಸಿದ್ದು ಯಂತ್ರ. ಸೂಜಿಯು ಎಡಬಲಕ್ಕೆ ತೂಗುವ ಜಿಗ್‌ಜಾಗ್ ಹೊಲಿಗೆಗೆ ಅಮೆರಿಕದ ಹೆಲೆನ್ ಬ್ಲಾಂಚರ್ಡ್ 1873ರಷ್ಟು ಹಿಂದೆಯೇ ಪೇಟೆಂಟು ಪಡೆದಿದ್ದಳು. ಆದರೆ ಬಹುಕಾಲ ಅದು ಕಾರ್ಖಾನೆಗಳಲ್ಲೇ ಉಳಿದು, ಮನೆಗಳಿಗೆ ಬಂದದ್ದು 1930 ಮತ್ತು 1940ರ ದಶಕಗಳಲ್ಲಿ. 1952ರಲ್ಲಿ ಜಿನೀವದಿಂದ ಹೊರಬಿದ್ದ ಎಲ್ನಾ ಸೂಪರ್‌ಮ್ಯಾಟಿಕ್ ಯಂತ್ರ ಈ ದಿಕ್ಕಿನಲ್ಲಿ ಒಂದು ಘಟ್ಟ. ಅಂಚನ್ನು ಏರುತಗ್ಗಾಗಿ ಕೆತ್ತಿದ ಸಣ್ಣ ತಟ್ಟೆಯೊಂದನ್ನು ಯಂತ್ರದೊಳಗೆ ಕೂರಿಸಿದರೆ, ಆ ಏರುತಗ್ಗುಗಳಂತೆ ಸೂಜಿ ತಾನೇ ತೂಗಿ ವಿನ್ಯಾಸವನ್ನು ರಚಿಸುತ್ತಿತ್ತು. ಹೊಲಿಯುವವಳು ಬಟ್ಟೆಯನ್ನು ನೇರವಾಗಿ ನಡೆಸಿದರೆ ಸಾಕು. ಆ ದಶಕದ ಕೊನೆಯ ವೇಳೆಗೆ ಇತರ ತಯಾರಕರೂ ಇದೇ ಹಾದಿ ಹಿಡಿದರು. ಅಂಗಡಿಯ ಪ್ರದರ್ಶನಗಳಲ್ಲಿ ಈ ವಿನ್ಯಾಸಗಳನ್ನು ಗಟ್ಟಿಯಾದ ತೆಳುಬಟ್ಟೆಯ ತುಂಡಿನ ಮೇಲೆ ಹೊಲಿದು ತೋರಿಸುವುದು ರೂಢಿ. ಕೊಂಡುಕೊಂಡವಳು ಮನೆಗೆ ಬಂದು ಅರಳೆಯ ಹೊದಿಕೆಯ ಮೇಲೆ ಅದನ್ನೇ ಪ್ರಯತ್ನಿಸಿದಾಗ, ನೂರು ವರ್ಷಗಳ ಹಿಂದಿನ ಮೂರು ನಿರ್ಣಯಗಳು, ಅಂದರೆ ಕೆಳಗಿನಿಂದ ಮಾತ್ರ ಸಾಗಿಸುವ ಹಲ್ಲು, ಮೇಲಿನಿಂದ ಒತ್ತುವ ಪಾದ, ನಡುವೆ ಹೆಣೆಯುವ ಜೋಡಿನೂಲು, ಏಕಕಾಲದಲ್ಲಿ ಅವಳ ವಿರುದ್ಧ ನಿಂತವು.

ಹೊಲಿಗೆ ತಪ್ಪುವುದರ ಕಾರಣವನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ಸೂಜಿ ಕೆಳಕ್ಕೆ ಪೂರ್ತಿ ಇಳಿದು ಸುಮಾರು ಎರಡು ಮಿಲಿಮೀಟರಿನಷ್ಟು ಮೇಲಕ್ಕೆ ಬಂದಾಗ, ಅದರ ಬೆನ್ನಿನ ಕಡೆಯ ನೂಲು ಬಟ್ಟೆಯ ಉಜ್ಜಿನಿಂದ ತಡೆಯಲ್ಪಟ್ಟು, ಸೂಜಿಯೊಡನೆ ಏರಲಾರದೆ ಹೊರಕ್ಕೆ ಉಬ್ಬಿ ಕುಣಿಕೆಯಾಗುತ್ತದೆ. ಕೆಳಗೆ ತಿರುಗುವ ಕೊಕ್ಕೆಯ ಮೊನೆ ಆ ಕ್ಷಣದಲ್ಲಿ ಸೂಜಿಯನ್ನು ಬಹುತೇಕ ಸವರಿಕೊಂಡು ಹಾದು, ಕುಣಿಕೆಯನ್ನು ಹಿಡಿಯಬೇಕು. ಕೊಕ್ಕೆಗೂ ಸೂಜಿಗೂ ಇರುವ ಅಂತರ ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತ ಹೆಚ್ಚಿರುವುದಿಲ್ಲ. ಇಷ್ಟು ಸೂಕ್ಷ್ಮವಾದ ಭೇಟಿಗೆ ಬಟ್ಟೆ ಕದಲದೆ ನಿಂತಿರಬೇಕಾದದ್ದು ಮೊದಲ ಷರತ್ತು. ದಪ್ಪ ಅರಳೆಯ ಪದರವಾದರೋ ಸೂಜಿಯನ್ನು ಬಿಗಿಹಿಡಿದು ಅದರೊಡನೆ ತಾನೂ ಮೇಲಕ್ಕೇಳುತ್ತದೆ. ಬಟ್ಟೆಯೂ ಸೂಜಿಯೂ ಒಟ್ಟಿಗೆ ಎದ್ದರೆ ನೂಲಿಗೆ ತಡೆಯೆಲ್ಲಿ? ಕುಣಿಕೆ ಹುಟ್ಟುವುದಿಲ್ಲ, ಕೊಕ್ಕೆ ಬರಿದೆ ಸುತ್ತಿಹೋಗುತ್ತದೆ, ಒಂದು ಹೊಲಿಗೆ ಕಾಣೆಯಾಗುತ್ತದೆ. ನೇರ ಹೊಲಿಗೆಯಲ್ಲಿ ಒಂದು ಗಂಟು ತಪ್ಪಿದರೆ ಕಣ್ಣು ಮನ್ನಿಸೀತು. ಎಲೆಯ ತುದಿಯಲ್ಲಿ ತಪ್ಪಿದರೆ ಎಲೆಯೇ ಮುಕ್ಕಾಗುತ್ತದೆ.

ಇಲ್ಲಿ ಅಲಂಕಾರ ಹೊಲಿಗೆ ಇನ್ನೊಂದು ತೊಡಕನ್ನು ತಂದೊಡ್ಡುತ್ತದೆ. ಕೊಕ್ಕೆ ತಿರುಗುವ ಕಾಲ ಒಂದೇ. ಸೂಜಿಯ ಸ್ಥಾನವಾದರೋ ಒಮ್ಮೆ ಎಡ, ಒಮ್ಮೆ ಬಲ. ಆದ್ದರಿಂದ ಕೊಕ್ಕೆ ಎರಡು ತುದಿಗಳಲ್ಲಿಯೂ ಸೂಜಿಯನ್ನು ಒಂದೇ ಎತ್ತರದಲ್ಲಿ ಸಂಧಿಸಲಾರದು. ಯಂತ್ರ ತಯಾರಕರು ನಡುವಿನ ಸ್ಥಾನಕ್ಕೆ ಹೊಂದಿಸಿ, ಎರಡು ತುದಿಗಳಿಗೂ ತಕ್ಕಮಟ್ಟಿಗೆ ನಡೆಯುವಂತೆ ರಾಜಿ ಮಾಡಿರುತ್ತಾರೆ. ತೂಗಾಟ ನಾಲ್ಕೈದು ಮಿಲಿಮೀಟರಿದ್ದ ಹಳೆಯ ಯಂತ್ರಗಳಲ್ಲಿ ಈ ರಾಜಿ ಸುಲಭವಾಗಿದ್ದಿತು. ಆಮೇಲೆ ಅದು ಏಳಕ್ಕೂ ಒಂಬತ್ತಕ್ಕೂ ಏರಿತು. ಆದ ಕಾರಣ ದಪ್ಪ ಪದರದಲ್ಲಿ ವಿನ್ಯಾಸದ ಒಂದೇ ಪಕ್ಕದಲ್ಲಿ ಹೊಲಿಗೆ ತಪ್ಪುತ್ತಿದ್ದರೆ ಅದನ್ನು ಪೋಣಿಸಿದ ಕೈಯ ದೋಷವೆನ್ನುವಂತಿಲ್ಲ. ವಿನ್ಯಾಸದ ಅಗಲವನ್ನು ತಗ್ಗಿಸಿ ನೋಡುವುದು ಮೊದಲ ಪರೀಕ್ಷೆ. ತಗ್ಗಿಸಿದಾಗ ಸರಿಹೋದರೆ ಕಾರಣ ಈ ರಾಜಿಯಲ್ಲಿದೆಯೆಂದು ತಿಳಿಯಬಹುದು. ಸೂಜಿಯ ಗಾತ್ರವನ್ನು ಹೆಚ್ಚಿಸುವುದೂ ಇದೇ ತರ್ಕದಿಂದ ಹುಟ್ಟಿದ ಉಪಾಯ. 90ನೆಯ ಸಂಖ್ಯೆಯ ಸೂಜಿಯೆಂದರೆ 0.90 ಮಿಲಿಮೀಟರ್ ವ್ಯಾಸದ್ದು, 100ನೆಯದೆಂದರೆ ಒಂದು ಮಿಲಿಮೀಟರಿನದು. ದಪ್ಪ ಸೂಜಿ ಪಕ್ಕಕ್ಕೆ ಬಾಗುವುದು ಕಡಿಮೆ. ಅದು ಕೊರೆಯುವ ದೊಡ್ಡ ರಂಧ್ರದಲ್ಲಿ ಬಟ್ಟೆ ಅಷ್ಟಾಗಿ ಕಚ್ಚಿಕೊಳ್ಳುವುದಿಲ್ಲ. ಸೇಂಟನ ಚುಚ್ಚುಗೋಲು ಹೀಗೆ ರೂಪ ಬದಲಿಸಿ ಮರಳಿ ಬಂದಿದೆ ಎನ್ನಲಡ್ಡಿಯಿಲ್ಲ. ಇದಲ್ಲದೆ, ಹೊಲಿಗೆಯಲ್ಲಿ ನೆಲೆಗೊಳ್ಳುವ ಮೊದಲು ನೂಲಿನ ಪ್ರತಿಯೊಂದು ಭಾಗವೂ ಸೂಜಿಯ ಕಣ್ಣಿನಲ್ಲಿ ಹಲವು ಹತ್ತು ಬಾರಿ ಹಿಂದೆ ಮುಂದೆ ಉಜ್ಜುತ್ತದೆ. ಆದ್ದರಿಂದ ಹೊಳಪಿನ ಅಲಂಕಾರ ನೂಲು ಜೂಲುಜೂಲಾಗಿ ಹರಿಯುತ್ತಿದ್ದರೆ ಕಣ್ಣು ದೊಡ್ಡದಾದ ಸೂಜಿಯನ್ನು ಹಾಕಬೇಕು.

ಪಾದದ ಒತ್ತಡದ ವಿಷಯದಲ್ಲಿ ತೊಡಕು ಇನ್ನೂ ಕಠಿನ. ಮೇಲಿನ ಬಟ್ಟೆ ಗುಡ್ಡೆಗಟ್ಟದಿರಬೇಕಾದರೆ ಒತ್ತಡವನ್ನು ತಗ್ಗಿಸಬೇಕು. ತಗ್ಗಿಸಿದರೆ ಬಟ್ಟೆ ಸೂಜಿಯೊಡನೆ ಏಳಲು ಆರಂಭಿಸಿ ಹೊಲಿಗೆ ತಪ್ಪುತ್ತದೆ. ತಪ್ಪದಿರಲೆಂದು ಒತ್ತಡವನ್ನು ಹೆಚ್ಚಿಸಿದರೆ ಮತ್ತೆ ಸುಕ್ಕು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಯನ್ನು ಇಲ್ಲಿ ನೆನೆಯಬೇಕಾಗುತ್ತದೆ. ಕೈಪಿಡಿಯ ಒಂದು ಪುಟದಲ್ಲಿ ಒಂದು ಸಲಹೆಯೂ ಮರುಪುಟದಲ್ಲಿ ಅದರ ವಿರುದ್ಧ ಸಲಹೆಯೂ ಇರುವುದು ಲೇಖಕರ ಅಲಕ್ಷ್ಯದಿಂದಲ್ಲ. ಯಂತ್ರದಲ್ಲಿಯೇ ಆ ವಿರೋಧವಿದೆ. ಒತ್ತೊತ್ತಾದ ವಿನ್ಯಾಸಗಳಿಗೆ ಅಡಿಯಲ್ಲಿ ತೋಡುಳ್ಳ ಪಾದವನ್ನು ಬಳಸುವುದರಿಂದ ಆಗಲೇ ಹೊಲಿದ ನೂಲಿನ ಗುಪ್ಪೆ ಅದರೊಳಗೆ ಸುಗಮವಾಗಿ ಜಾರಿಹೋಗುತ್ತದೆ. ಹೊಲಿಗೆಯ ಅಂಚಿನಿಂದ ದಪ್ಪದೊಳಕ್ಕೆ ಪ್ರವೇಶಿಸುವಾಗ ಪಾದ ಹಿಮ್ಮಡಿಯೂರಿದಂತೆ ಓರೆಯಾಗುತ್ತದೆ. ಆಗ ಅದರ ಹಿಂಭಾಗದ ಕೆಳಗೆ ಮಡಿಚಿದ ಬಟ್ಟೆಯೊಂದನ್ನಿಟ್ಟು ಸಮಮಾಡುವ ಉಪಾಯವನ್ನು ದಪ್ಪ ಬಟ್ಟೆ ಹೊಲಿಯುವ ದರ್ಜಿಗಳೆಲ್ಲರೂ ಬಲ್ಲರು.

ನೂಲಿನ ಬಿಗಿಯ ಸಂಗತಿಯನ್ನು ಸಂಕ್ಷೇಪವಾಗಿ ಹೇಳಬಹುದು. ನೇರ ಹೊಲಿಗೆಯಲ್ಲಿ ಎರಡು ನೂಲುಗಳ ಹೆಣಿಗೆ ಅರಳೆಯ ನಡುವೆ ಅಡಗಿರುತ್ತದೆ. ದಪ್ಪವೇ ಅಲ್ಲಿ ಅದನ್ನು ಮರೆಮಾಡುವ ಉಪಕಾರಿ. ತೂಗುವ ಹೊಲಿಗೆಯಲ್ಲಿ ಮೇಲಿನ ನೂಲು ಎರಡು ಪಕ್ಕಗಳಿಂದಲೂ ಎಳೆಯುವುದರಿಂದ ವಿನ್ಯಾಸದ ಅಂಚುಗಳಲ್ಲಿ ಕೆಳನೂಲು ಚುಕ್ಕೆಚುಕ್ಕೆಯಾಗಿ ಎದ್ದು ಬರುತ್ತದೆ. ಮೇಲಿನ ಬಿಗಿಯನ್ನು ಸ್ವಲ್ಪ ಸಡಿಲಿಸಿ ಹೆಣಿಗೆಯನ್ನು ಬೇಕೆಂದೇ ಕೆಳಮುಖದತ್ತ ಇಳಿಸುವುದು ರೂಢಿಯಲ್ಲಿರುವ ಪರಿಹಾರ. ಹಲಗೆಯ ರಾಶಿಯ ಮೇಲೆ ಕುಳಿತು ಸಿಂಗರನು ಮಾಡಿದ ತರ್ಕವನ್ನೇ ಇಲ್ಲಿ ತಿರುಗುಮುರುಗಾಗಿ ಮಾಡಬೇಕು.

ಎಲ್ಲಕ್ಕಿಂತ ಹಠಮಾರಿಯಾದ ದೋಷ ವಿನ್ಯಾಸ ಕೂಡಿಕೊಳ್ಳದಿರುವುದು. ಸೂಜಿ ತೂಗುವುದರ ಜೊತೆಗೆ ಹಲ್ಲುಗಳು ಬಟ್ಟೆಯನ್ನು ಕೆಲವು ಹೆಜ್ಜೆ ಮುಂದಕ್ಕೂ ಕೆಲವು ಹೆಜ್ಜೆ ಹಿಂದಕ್ಕೂ ಒಯ್ಯುವ ವಿನ್ಯಾಸಗಳು ಬಂದಮೇಲೆ ಇದು ಕಾಣಿಸಿಕೊಂಡಿತು. ನಕ್ಷತ್ರ ಮುಚ್ಚಿಕೊಳ್ಳಬೇಕಾದರೆ ಮುಂದೆ ಹೋದಷ್ಟೇ ಹಿಂದೆ ಬರಬೇಕು. ತೆಳುಬಟ್ಟೆಯ ಮೇಲೆ ಈ ಲೆಕ್ಕ ಸರಿಹೋಗುತ್ತದೆ. ಭಾರವಾದ ಹೊದಿಕೆ ಮೇಜಿನಿಂದ ಒಂದು ಕಡೆಗೆ ಜೋತುಬಿದ್ದಿದ್ದರೆ ಅದರ ತೂಕ ಒಂದು ದಿಕ್ಕಿನ ಚಲನೆಗೆ ಸಹಾಯಮಾಡಿ ಇನ್ನೊಂದನ್ನು ತಡೆಯುತ್ತದೆ; ಮೆತ್ತನೆಯ ಅರಳೆ ಎರಡು ದಿಕ್ಕಿನಲ್ಲಿಯೂ ಹಲ್ಲಿನ ಹೆಜ್ಜೆಯ ಸ್ವಲ್ಪ ಭಾಗವನ್ನು ನುಂಗುತ್ತದೆ. ಹೊದಿಕೆಯ ಭಾರವನ್ನು ಪೂರ್ತಿಯಾಗಿ ಮೇಜಿನ ಮೇಲೆ, ಬೇಕಾದರೆ ಪಕ್ಕದ ಕುರ್ಚಿಯ ಮೇಲೆ ಹೊರಿಸದೆ ಈ ದೋಷಕ್ಕೆ ಬೇರಾವ ಮದ್ದನ್ನು ಹುಡುಕಿಯೂ ಪ್ರಯೋಜನವಿಲ್ಲ. 1975ರಲ್ಲಿ ಸಿಂಗರ್ ಸಂಸ್ಥೆಯ ಅಥೀನಾ 2000ದೊಡನೆ ಮನೆಯ ಯಂತ್ರದೊಳಕ್ಕೆ ವಿದ್ಯುನ್ಮಾನ ಪ್ರವೇಶಿಸಿ, ಕೆತ್ತಿದ ತಟ್ಟೆಗಳು ಮೂಲೆಗೆ ಸರಿದವು. ಮುಂದೆ ಬಂದ ಅನೇಕ ಯಂತ್ರಗಳಲ್ಲಿ ಮುಂಚಲನೆ ಹಿಂಚಲನೆಗಳ ಪ್ರಮಾಣವನ್ನು ಹೊಲಿಯುವವರೇ ತಿದ್ದಿಕೊಳ್ಳುವ ಗುಂಡಿಯೊಂದು ಸೇರಿತು. ಅಂಥ ಗುಂಡಿಯನ್ನು ಇರಿಸಿರುವುದೇ ತಯಾರಕರ ಒಪ್ಪಿಗೆಯೆಂದು ನಾನು ಭಾವಿಸುತ್ತೇನೆ. ದೋಷ ಕೈಯಲ್ಲಿದ್ದಿದ್ದರೆ ಗುಂಡಿ ಏಕೆ ಬೇಕಾಗುತ್ತಿತ್ತು?

ಪದರಗಳ ಜಾರಾಟವನ್ನು ಮೂಲದಲ್ಲಿಯೇ ತಡೆಯುವ ಪ್ರಯತ್ನಗಳೂ ನಡೆದವು. ಸೂಜಿಪಟ್ಟಿಯ ತಿರುಪಿಗೆ ತಗುಲಿಕೊಂಡು, ಮೇಲಿನಿಂದಲೂ ಬಟ್ಟೆಯನ್ನು ಹಲ್ಲಿನಿಂದ ಹಿಡಿದು ಹೆಜ್ಜೆಯಿಡುವ ನಡೆಪಾದ ಒಂದು. 1968ರಲ್ಲಿ ಜರ್ಮನಿಯ ಪ್ಫಾಫ್ ಸಂಸ್ಥೆ ತನ್ನ 1222 ಮಾದರಿಯಲ್ಲಿ ಮೇಲಿನ ಸಾಗಣೆಯನ್ನು ಯಂತ್ರದ ಅಂಗವನ್ನಾಗಿಯೇ ಮಾಡಿತು. ಹೋವನ ಮುಳ್ಳುಪಟ್ಟಿ ಎಲ್ಲ ಪದರಗಳನ್ನೂ ಒಟ್ಟಿಗೆ ಒಯ್ಯುತ್ತಿದ್ದ ಗುಣ ಹೀಗೆ ನೂರಿಪ್ಪತ್ತು ವರ್ಷಗಳಾದಮೇಲೆ ಮನೆಯ ಯಂತ್ರಕ್ಕೆ ಮರಳಿತು. ಆದರೆ ಜೋಡಿಸುವ ನಡೆಪಾದಗಳು ಮುಂದಕ್ಕೆ ನಡೆಯಲು ರಚಿತವಾದವು. ಹಿಂದಕ್ಕೂ ಮುಂದಕ್ಕೂ ಆಡುವ ವಿನ್ಯಾಸಗಳಿಗೆ ಅವನ್ನು ಬಳಸಬಾರದೆಂದು ಅನೇಕ ಕೈಪಿಡಿಗಳು ಎಚ್ಚರಿಸುತ್ತವೆ. ಹಲ್ಲನ್ನು ತಗ್ಗಿಸಿ ಬಟ್ಟೆಯನ್ನು ಕೈಯಿಂದಲೇ ಆಡಿಸುವ ಮುಕ್ತ ಹೊಲಿಗೆಯಲ್ಲಿ ಜಾರಾಟ ಬಹಳ ಕಡಿಮೆಯಾಗುತ್ತದೆ. ಆದರೆ ಅಡಕವಾದ ವಿನ್ಯಾಸಗಳು ಹಲ್ಲಿನ ಹೆಜ್ಜೆಯನ್ನೇ ನಂಬಿರುವುದರಿಂದ ಅವು ಅಲ್ಲಿ ನಡೆಯವು.

ಈ ಮಿತಿಗಳನ್ನು ಅರಿತು ಕೆಲಸಮಾಡಿದವರ ಹೆಸರುಗಳೂ ಚರಿತ್ರೆಯಲ್ಲಿವೆ. ನೆಬ್ರಾಸ್ಕದ ರೈತ ಅರ್ನೆಸ್ಟ್ ಹೇಟ್ 1974ರಲ್ಲಿ ಮನೆಯ ಯಂತ್ರದಿಂದ ಕ್ವಿಲ್ಟ್ ಹೊಲಿಯುವ ಬಗ್ಗೆ ಪುಸ್ತಕ ಬರೆದಾಗ ಬೋಧಿಸಿದ್ದು ಓರೆಯಾಗಿ ಸಾಗುವ ನೇರ ರೇಖೆಗಳನ್ನು. 1989ರಲ್ಲಿ ಕೆಂಟಕಿಯ ಪಡೂಕದಲ್ಲಿ ನಡೆದ ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿಯ ಪ್ರದರ್ಶನದಲ್ಲಿ ಕ್ಯಾರಿಲ್ ಬ್ರೈಯರ್ ಫಾಲರ್ಟ್ ಎಂಬ ಕಲಾವಿದೆಯ ಸೂರ್ಯಗ್ರಹಣದ ಕ್ವಿಲ್ಟಿಗೆ ಸರ್ವೋತ್ತಮ ಬಹುಮಾನ ದೊರೆಯಿತು. ಯಂತ್ರದಿಂದ ಹೊಲಿದ ಕ್ವಿಲ್ಟಿಗೆ ಆ ಬಹುಮಾನ ಸಂದದ್ದು ಅದೇ ಮೊದಲು. ಕೈಹೊಲಿಗೆಯೇ ಕ್ವಿಲ್ಟಿನ ಪ್ರಾಣವೆಂದು ನಂಬಿದ್ದವರಿಗೆ ಅದು ರುಚಿಸಲಿಲ್ಲ. ಆದರೂ ಯಂತ್ರದ ಕೆಲಸ ಕೀಳೆಂಬ ಮಾತಿಗೆ ಆಮೇಲೆ ಮೊದಲಿನ ಬಲ ಉಳಿಯಲಿಲ್ಲ.

ಅಲಂಕಾರವನ್ನು ಮೇಲಿನ ಬಟ್ಟೆಗೆ ಮೊದಲೇ ಹಾಕಿಕೊಂಡು, ಬಳಿಕ ಅರಳೆಯನ್ನು ಸೇರಿಸಿ ನೇರ ಹೊಲಿಗೆಯಿಂದ ಬಂಧಿಸುವುದು ಕಸೂತಿ ಮತ್ತು ಕೌದಿಗಳ ವಿಭಾಗಕ್ಕೆ ಒಪ್ಪುವ ಕ್ರಮ. ತೊಡಕುಗಳಲ್ಲಿ ಹೆಚ್ಚಿನವು ಇದರಿಂದ ತಪ್ಪುತ್ತವೆ. ಆದರೆ ವಿನ್ಯಾಸವು ಅರಳೆಯೊಳಕ್ಕೆ ಅದುಮಿಕೊಂಡು, ಇಕ್ಕೆಲದಲ್ಲಿ ಬಟ್ಟೆ ಉಬ್ಬಿ ನಿಲ್ಲುವ ಸೊಗಸು ಅದರಲ್ಲಿ ಬಾರದು. ಆ ಸೊಗಸೇ ಬೇಕೆನ್ನುವವರು ಅದೇ ಬಟ್ಟೆ, ಅದೇ ಅರಳೆಗಳ ಅಂಗೈಯಗಲದ ತುಣುಕೊಂದರ ಮೇಲೆ ವಿನ್ಯಾಸವನ್ನು ಹೊಲಿದು, ಸರಿಬಂದ ಅಗಲ, ಉದ್ದ, ಬಿಗಿಗಳನ್ನು ಅದರ ಮೇಲೆಯೇ ಬರೆದಿಟ್ಟುಕೊಳ್ಳುತ್ತಾರೆ. ಹೊದಿಕೆಯ ಮೇಲೆ ಕೆಲಸವನ್ನು ನಡುವಿನಿಂದ ಆರಂಭಿಸಿ ಅಂಚಿನ ಕಡೆಗೆ ಸಾಗುವುದು ಯಂತ್ರದ ಹೊಲಿಗೆಯಲ್ಲಿ ಸಾಮಾನ್ಯ ನಿಯಮ. ಹಲ್ಲು ದೂಡಿದ ಹೆಚ್ಚುವರಿ ಬಟ್ಟೆಗೆ ಹೊರಹೋಗಲು ದಾರಿ ಬೇಕು. ಸಿದ್ದಿ ಹೆಂಗಸರ ಕೌದಿ ಇದಕ್ಕೆ ನೇರ ವಿರುದ್ಧವಾಗಿ ಅಂಚಿನಿಂದ ಮೊದಲಾಗಿ, ಸುತ್ತುಸುತ್ತಿ ಬಂದು ನಡುವಿನಲ್ಲಿ ಮುಗಿಯುತ್ತದೆ. ಸಡಿಲು ಬಂದಲ್ಲಿ ಹೊಲಿಯುವವಳು ಅದನ್ನು ಅಂಗೈಯಿಂದ ಸವರಿ, ಮಿಕ್ಕಿದ್ದನ್ನು ಮುಂದಿನ ತೇಪೆಯ ಮಡಿಕೆಯೊಳಗೆ ಸೇರಿಸಿಬಿಡುತ್ತಾಳೆ.